ಅರ್ಧ ವಾಕ್ಯಗಳ ವಂದನಾರ್ಪಣೆ

ಐವತ್ತು ವರ್ಷಗಳಿಗೂ ಹಿಂದೆ, ತಿ. ನರಸೀಪುರದ ಹೈಸ್ಕೂಲೊಂದರ ವಾರ್ಷಿಕೋತ್ಸವದಲ್ಲಿ, ರಾಚಯ್ಯನೆಂಬ ಹುಡುಗ ಇಡೀ ವಂದನಾರ್ಪಣೆಯನ್ನು ಒಂದೇ ವಾಕ್ಯದಲ್ಲಿ ಮಾಡಿ ಮುಗಿಸಿದ್ದ. ಆ ವಾಕ್ಯ ಮುಖ್ಯ ಅತಿಥಿಗಳಿಂದ ಹೊರಟು, ಅಧ್ಯಕ್ಷರನ್ನೂ ಅಧ್ಯಾಪಕರನ್ನೂ ಕೂಡಿಸಿಕೊಂಡು, ತೋರಣ ಕಟ್ಟಿದವರು, ಬೆಂಚು ಹೊತ್ತವರು, ಕುಡಿಯುವ ನೀರಿನ ಹಂಡೆ ತುಂಬಿದವರು ಯಾರನ್ನೂ ಬಿಡದೆ ಕೈ ಹಿಡಿದು ನಡೆಸಿಕೊಂಡು ಬಂದು, ಕಟ್ಟಕಡೆಗೆ ‘ಹೃತ್ಪೂರ್ವಕವಾಗಿ ವಂದಿಸುತ್ತೇನೆ’ ಎಂಬಲ್ಲಿ ನಿಂತಿತ್ತು. ನಡುದಾರಿಯಲ್ಲಿ ಕರೆಂಟು ಹೋಯಿತು, ಮೈಕು ಸತ್ತಿತು, ಸಭೆ ಕತ್ತಲೆಯಲ್ಲಿ ಗುಜುಗುಡತೊಡಗಿತು. ಹುಡುಗ ಮಾತ್ರ ದನಿಯೇರಿಸಿ, ಹಿಡಿದ ವಾಕ್ಯವನ್ನು ಕೈಬಿಡದೆ ದಡ ಮುಟ್ಟಿಸಿದ. ಅವನ ಕೇರಿಯ ಹುಡುಗನೊಬ್ಬ ಆ ವೇದಿಕೆ ಹತ್ತಿದ್ದು ಅದೇ ಮೊದಲು.

ಅದು ಸುಮ್ಮನೆ ಒದಗಿದ ವಾಕ್ಯವಲ್ಲ. ಗದ್ಯರಚನೆ ಕಲಿಸುತ್ತಿದ್ದ ಗಂಗಾಧರಸ್ವಾಮಿ ಮೇಷ್ಟ್ರು ಆ ಹುಡುಗನಿಂದ ಒಂದು ವರ್ಷವಿಡೀ ದಿನಕ್ಕೊಂದು ಪುಟ ಬರೆಸಿದ್ದರು. ಕ್ರಿಯಾಪದವಿಲ್ಲದ ವಾಕ್ಯವೊಂದು ಕಣ್ಣಿಗೆ ಬಿದ್ದರೆ ಸಾಕು, ‘ಇದಕ್ಕೆ ಕಾಲೇ ಇಲ್ಲವಲ್ಲಯ್ಯ, ಎಲ್ಲಿಗೆ ಹೋದೀತು?’ ಎಂದು ಪುಟವನ್ನೇ ಹಿಂತಿರುಗಿಸುತ್ತಿದ್ದರು. ರಾಚಯ್ಯ ಮುಂದೆ ತಾನೂ ಕನ್ನಡ ಮೇಷ್ಟ್ರಾದ. ನಂಜನಗೂಡಿನ ಸುತ್ತುಮುತ್ತ ಯಾವ ಸಮಾರಂಭವೇ ನಡೆಯಲಿ, ‘ವಂದನಾರ್ಪಣೆಗೆ ರಾಚಯ್ಯ ಮೇಷ್ಟ್ರನ್ನು ಕರೆಯಿರಿ’ ಎನ್ನುವುದು ವಾಡಿಕೆಯಾಯಿತು. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವೂ ಆ ಮೊದಲ ವಂದನಾರ್ಪಣೆಯ ಕತೆಯನ್ನು ಕೇಳಿಯೇ ಬೆಳೆಯಿತು. ಕತೆ ಯಾವಾಗಲೂ ವೇದಿಕೆಯಲ್ಲಿ ಪ್ರಾರಂಭವಾಗಿ ಚಪ್ಪಾಳೆಯಲ್ಲಿ ಮುಗಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ರಾಚಯ್ಯನವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು. ಅವೆರಡನ್ನೂ ಅವರು ಸಹಿಸಿಕೊಂಡರು. ಸಹಿಸಲಾಗದೆ ಹೋದದ್ದು ಮಾತಿನ ಪಾಡು. ಮನಸ್ಸಿನಲ್ಲಿ ವಾಕ್ಯ ಎಂದಿನಂತೆ ಸಾಲಂಕೃತವಾಗಿ ಎದ್ದು ನಿಲ್ಲುತ್ತಿತ್ತು. ತುಟಿಗೆ ಬರುವಷ್ಟರಲ್ಲಿ ಎರಡನೆಯ ಪದವೇ ಕಾಣೆಯಾಗುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಮಧುಶ್ರೀ ಎಂಬ ಹುಡುಗಿ, “ಸರ್, ಒಂದೊಂದೇ ಪದ ಸಾಕು. ನೀರು. ಊಟ. ಕಾಫಿ. ಅಷ್ಟು ಅಂದ್ರೂ ಗೆದ್ದ ಹಾಗೆ” ಎಂದು ಬೇಡಿಕೊಂಡಳು.

‘ನೀರು’ ಎನ್ನಲು ಅವರಿಗೆ ಬರುತ್ತಿತ್ತು. ಆದರೆ ಅದೊಂದು ಮಾತೇ? ತೊಟ್ಟಿಲ ಕೂಸು ಆಡುವುದನ್ನು ಮೂವತ್ತು ವರ್ಷ ಗದ್ಯ ಕಲಿಸಿದವನು ಆಡುವುದೇ? ಪೂರ್ತಿ ವಾಕ್ಯ ಬಾರದಿದ್ದರೆ ಬಾಯನ್ನೇ ತೆರೆಯುವುದಿಲ್ಲವೆಂದು ಅವರು ಒಳಗೊಳಗೇ ತೀರ್ಮಾನಿಸಿದರು. ಮಗ ನಟರಾಜನೂ ಸೊಸೆ ವಾಣಿಯೂ ಅವರ ಮಾತು ಸಂಪೂರ್ಣ ಹೋಯಿತೆಂದೇ ತಿಳಿದರು. ಬೆರಳು ತೋರಿಸಿದರೆ ನೀರು ಬರುತ್ತಿತ್ತು. ತಲೆಯಾಡಿಸಿದರೆ ಊಟ ಬರುತ್ತಿತ್ತು. ಮನೆಯವರ ಪ್ರೀತಿಗೆ ಕೊರತೆಯಿರಲಿಲ್ಲ. ಹೀಗೆಯೇ ಮೂಕನಾಗಿ ದಿನ ನೂಕಿಬಿಡಬಹುದೆಂದು ರಾಚಯ್ಯನವರೂ ಎಣಿಸಿದ್ದರು.

ಎಣಿಕೆ ತಪ್ಪಿಸಿದವರು ಅವರ ಅಕ್ಕ ಜವರಮ್ಮ.

ಒಂದು ಭಾನುವಾರ ತಿ. ನರಸೀಪುರದ ಪಕ್ಕದ ಹಳ್ಳಿಯಿಂದ ಜವರಮ್ಮನ ಮಗ ಚಿಕ್ಕಮಾದು ಬಂದ. ಊರಿನ ಹೆಂಗಸರ ಸಂಘದವರು ನಾಟಿ ಹಾಕಿ ಬದುಕು ಸಾಗಿಸಿದ ಹಿರಿಯಳೆಂದು ಅವನ ತಾಯಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆಹ್ವಾನ ಹೇಳಿ ಮುಗಿಸುವ ಮೊದಲೇ ಅವನ ಮೊಬೈಲು ಹೊಡೆದುಕೊಂಡಿತು. ತೆರೆಯ ತುಂಬ ಜವರಮ್ಮನ ಹಣೆ ಮಾತ್ರ ಕಾಣಿಸಿತು.

“ಲೇ ರಾಚ, ಕೇಳುಸ್ತಾ? ನಂಗೆ ಆರ ಆಕ್ತಾರಂತೆ ಕಣ್ಲಾ, ಶಾಲು ಒದಿಸ್ತಾರಂತೆ. ಕೊನೇಲಿ ವಂದನೆ ಯೋಳಕ್ಕೆ ಬ್ಯಾರೆ ಯಾರ್ನೂ ಕರೀಬ್ಯಾಡಿ, ನನ್ ತಮ್ಮ ಅವ್ನೆ ಅಂದಿವ್ನಿ.”

ಚಿಕ್ಕಮಾದು ಮುಜುಗರದಿಂದ, “ಅವ್ವ, ಮಾವುಂಗೆ ಮಾತು ಬರಾಕಿಲ್ಲ ಕಣವ್ವ” ಎಂದ.

“ಉಟ್ದಾಗ್ಲೂ ಬತ್ತಿರ್ನಿಲ್ಲ. ನಾನೇ ಕಲ್ಸಿದ್ದು. ಅವ್ನು ಯೋಳ್ಲಿಲ್ಲ ಅಂದ್ರೆ ನಾನು ಆ ಕುರ್ಚಿ ಮ್ಯಾಲೆ ಕೂರಾಕೇ ಇಲ್ಲ, ಸಂಘದೋರ್ಗೆ ಅಂಗೇ ಯೋಳ್ಬುಡು.”

ಫೋನು ಕಟ್ಟಾಯಿತು. ಅದು ಬರಿಯ ಬೆದರಿಕೆಯ ಮಾತಲ್ಲವೆಂಬುದು ರಾಚಯ್ಯನವರಿಗೆ ತಿಳಿದಿತ್ತು. ಅಕ್ಕ ಕೂರುವುದಿಲ್ಲವೆಂದರೆ ಕೂರುವುದಿಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನ ಓದಿಗಾಗಿ ಮಳೆ ಬಿಸಿಲೆನ್ನದೆ ಕಂಡವರ ಗದ್ದೆಗಳಲ್ಲಿ ನಾಟಿ ಹಾಕಿದವಳು. ಒಂದು ದಿನವೂ ತನಗೊಂದು ಕುರ್ಚಿ ಬೇಕೆಂದವಳಲ್ಲ. ಈಗ ಬಂದ ಕುರ್ಚಿ ತನ್ನ ಬಾಯಿಯಿಂದಾಗಿ ತಪ್ಪಿಹೋಗಬಹುದೆಂದು ನೆನೆದು ಅವರಿಗೆ ಅಂದು ಮಧ್ಯಾಹ್ನದ ಊಟ ರುಚಿಸಲಿಲ್ಲ.

ಆ ವಾರದಲ್ಲೇ ಇನ್ನೊಂದು ಸಂಗತಿ ನಡೆಯಿತು. ಒಂಬತ್ತನೆಯ ತರಗತಿಯ ಮೊಮ್ಮಗಳು ಗಾನವಿಗೆ ಅವಳ ಕನ್ನಡದ ಟೀಚರ್ ಪುಟ್ಟಲಕ್ಷ್ಮಿ ಮಿಸ್ ಕವಿತೆ ಕಟ್ಟುವ ಅಭ್ಯಾಸವೊಂದನ್ನು ಕೊಟ್ಟಿದ್ದರು. ವಾಕ್ಯವನ್ನು ಮುಗಿಸಬಾರದು, ಒಡೆದು ಇಡಬೇಕು; ಪ್ರತಿಯೊಂದರಲ್ಲೂ ಯಾವುದಾದರೊಂದನ್ನು ಮತ್ತೊಂದಕ್ಕೆ ಹೋಲಿಸಬೇಕು. ಹುಡುಗಿ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಅಡುಗೆಮನೆಯಲ್ಲಿದ್ದ ತಾಯಿಗೆ ಕೇಳಿಸುವಂತೆ ಓದಿದಳು:

“ಮಧ್ಯಾಹ್ನದ ಕಪಿಲೆ.
ಇಸ್ತ್ರಿ ಹಾಕಿದ ಸೀರೆಯ ಹಾಗೆ.
ಮೇಲೊಂದು ಕೊಕ್ಕರೆ.
ಮರೆತು ಬಿಟ್ಟ ಪಿನ್ನಿನ ಹಾಗೆ.”

ಕುರ್ಚಿಯಲ್ಲಿ ಒರಗಿದ್ದ ರಾಚಯ್ಯನವರ ಹುಬ್ಬು ಗಂಟಿಕ್ಕಿತು. ನಾಲ್ಕು ಸಾಲಿನಲ್ಲಿ ಒಂದಾದರೂ ಕ್ರಿಯಾಪದವಿದೆಯೇ? ಗಂಗಾಧರಸ್ವಾಮಿಗಳಿದ್ದಿದ್ದರೆ ಪುಟವನ್ನೇ ಕಿಟಕಿಯಾಚೆ ಎಸೆಯುತ್ತಿದ್ದರು. ಅದು ಹೋಗಲಿ, ಹೋಲಿಕೆಯಾದರೂ ನೆಟ್ಟಗಿದೆಯೇ? ಅವರು ನಂಜನಗೂಡಿನ ಕಪಿಲಾ ನದಿಯ ಸೋಪಾನಕಟ್ಟೆಯ ಮೇಲೆ ಕುಳಿತು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಬಿಸಿಲೇರಿದ ಮೇಲೆ ಅಲ್ಲಿ ಗಾಳಿ ಏಳುತ್ತದೆ, ನೀರಿನ ಮೈಯೆಲ್ಲ ಸುಕ್ಕಾಗುತ್ತದೆ. ಇಸ್ತ್ರಿಯಂತೆ, ಇಸ್ತ್ರಿ! ತಪ್ಪನ್ನು ಕಂಡೂ ತಿದ್ದದೆ ಬಿಡುವ ಅಭ್ಯಾಸ ಆ ಮನುಷ್ಯನಿಗೆ ಎಂದೂ ಇದ್ದದ್ದಲ್ಲ.

“ಸುಳ್ಳು,” ಎಂದರು.

ಗಾನವಿ ತಲೆಯೆತ್ತಿದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ಒಗೆದ... ಹಿಂಡಿ... ಹರವಿದ... ಸೀರೆ.”

“ಅಮ್ಮಾ! ತಾತ ಸುಳ್ಳು ಅಂದ್ರು!”

“ಯಾರಿಗೇ?”

“ನಂಗೇ!”

ವಾಣಿ ಸೌಟು ಹಿಡಿದೇ ಓಡಿಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು. ಅವಳ ಕಣ್ಣು ತುಂಬಿಕೊಂಡಿತ್ತು. “ಅನ್ನಲಿ ಬಿಡೇ,” ಎಂದಳು, “ದಿನಾ ಅನ್ನಲಿ.”

ತಾವು ಒಂದು ಪೂರ್ತಿ ವಾಕ್ಯವನ್ನೂ ಆಡದೆ ಮಾತನಾಡಿಬಿಟ್ಟೆವೆಂಬುದು ರಾಚಯ್ಯನವರಿಗೆ ಆಮೇಲೆ ಅರಿವಾಯಿತು. ಸಂಕೋಚದಿಂದ ಬಾಯಿ ಮತ್ತೆ ಬಿಗಿಯಿತು. ಆದರೆ ಹುಡುಗಿ ಬಿಡುವವಳಲ್ಲ. ಕುರ್ಚಿಯ ಬಳಿಗೇ ಸರಿದು, “ತಾತ, ಅದು ಅರ್ಧಂಬರ್ಧ ಮಾತಲ್ಲ. ಕವಿತೆ. ಕವಿತೇಲಿ ಹಾಗೇ ಇರಬೇಕಂತೆ, ಮಿಸ್ ಹೇಳಿದಾರೆ. ಆಮೇಲೆ, ಕಾಲಿಲ್ಲದ ವಾಕ್ಯ ಅಂತ ನಿಮ್ಮ ಮೇಷ್ಟ್ರು ಅಂತಿದ್ರಲ್ಲ, ಅದೇನು? ಅವರೂ ಹೋಲಿಕೆ ಮಾಡ್ತಿದ್ರು ಅಂತ ಆಯ್ತು” ಎಂದಳು.

ರಾಚಯ್ಯನವರು ಆ ಮಾತನ್ನು ಬಹಳ ಹೊತ್ತು ಮೆಲುಕು ಹಾಕಿದರು. ಅಷ್ಟು ಕಾಲ ಗುರುಗಳ ಮಾತನ್ನು ನೆನೆಯುತ್ತ ಬಂದಿದ್ದರೂ ಅದರೊಳಗಿನ ಈ ಸಣ್ಣ ಬಾಗಿಲು ಅವರ ಕಣ್ಣಿಗೆ ಬಿದ್ದಿರಲಿಲ್ಲ. ತೆರೆದು ತೋರಿಸಿದವಳು ಎದುರಿಗೇ ಕುಳಿತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು.

ಮರುದಿನ ಬೆಳಗಿನಿಂದ ಜಗುಲಿಯ ಮೇಲೆ ಅಭ್ಯಾಸ ಶುರುವಾಯಿತು. ಗಾನವಿ ಒಂದು ವಸ್ತುವನ್ನು ತೋರಿಸಬೇಕು, ತಾತ ಅದು ಯಾವುದರ ಹಾಗೆಂದು ಹೇಳಬೇಕು, ಮುಗಿಸುವ ಹಂಗಿಲ್ಲ. ಕಾಫಿಯ ಲೋಟ ತೋರಿಸಿದಾಗ ಅವರು ಒಂದು ಗುಟುಕು ಕುಡಿದು, “ಕಾಫಿ. ಬೇಸಿಗೆಯ... ಕಪಿಲೆ” ಎಂದರು.

“ಮಾತು ಬಂತು ಅಂತ ಖುಷಿಪಟ್ಟೆನಲ್ಲ, ನನಗೇ ಬೇಕಿತ್ತು!” ಎಂದು ವಾಣಿ ಲೋಟ ಕಸಿದುಕೊಂಡು ಹೋಗಿ ಇನ್ನಷ್ಟು ಡಿಕಾಕ್ಷನ್ ಸುರಿದು ತಂದಳು.

ಪಕ್ಕದ ಮನೆಯ ಮಹಾದೇವಸ್ವಾಮಿ ದಿನವೂ ಗೇಟಿನ ಬಳಿ ನಿಂತು ರಾಜಕೀಯ ಮಾತಾಡಿ ಹೋಗುವವರು. ಅವರು ಬೆನ್ನು ತಿರುಗಿಸಿದ ಮೇಲೆ, “ರೇಡಿಯೋ. ಗುಂಡಿ... ಇಲ್ಲದ್ದು” ಎಂಬ ಕವಿತೆ ಹುಟ್ಟಿತು. ಬೀದಿಯಲ್ಲಿ ಅರ್ಧ ಹೋದ ಮಹಾದೇವಸ್ವಾಮಿ ಹಿಂದಿರುಗಿ ಬಂದು, “ಮೇಷ್ಟ್ರೇ, ಕೇಳುಸ್ತು ಕಣ್ರೀ! ಇಷ್ಟ್ ದಿನ ಬ್ಯಾಟ್ರಿ ನಿಮ್ದು ಹೋಗಿತ್ತು, ನಂದಲ್ಲ” ಎಂದು ನಗುತ್ತ ಅವರ ಸೋತ ಕೈಯನ್ನು ಹಿಡಿದು ಅದುಮಿದರು.

ಎಲ್ಲ ದಿನವೂ ಹೀಗೆ ಸಲೀಸಾಗಿರಲಿಲ್ಲ. ಒಮ್ಮೆ ರಸಬಾಳೆಯ ಚಿಪ್ಪು ಎದುರಿಗಿದ್ದಾಗ ಬಾಯಿಂದ ‘ಚಪ್ಪಲಿ’ ಎಂದು ಬಂತು. ಮತ್ತೆ ಯತ್ನಿಸಿದರು, ಮತ್ತೆ ಚಪ್ಪಲಿ. ಆ ದಿನ ಸಂಜೆಯವರೆಗೆ ಅವರು ತುಟಿ ಬಿಚ್ಚಲಿಲ್ಲ. ಗಾನವಿಯೂ ಒತ್ತಾಯಿಸಲಿಲ್ಲ, ಹಣ್ಣು ಸುಲಿದು ಎಡಗೈಗೆ ಕೊಟ್ಟು, “ಚಪ್ಪಲಿ ತಿನ್ನಿ ತಾತ” ಎಂದಳಷ್ಟೆ. ಅವರಿಗೆ ನಗು ತಡೆಯಲಾಗಲಿಲ್ಲ. ಇಂಥ ಮೊಮ್ಮಗಳನ್ನು ಪಡೆದದ್ದಕ್ಕೆ ಯಾರಿಗೆ ವಂದನೆ ಸಲ್ಲಿಸಬೇಕೋ ತಿಳಿಯದೆ ಹಣ್ಣನ್ನು ನಿಧಾನವಾಗಿ ತಿಂದರು.

ಸನ್ಮಾನದ ದಿನ ಹತ್ತಿರವಾದಂತೆ ಅಜ್ಜ ಮೊಮ್ಮಗಳಿಬ್ಬರೂ ವಂದನಾರ್ಪಣೆಯ ತಯಾರಿಗೆ ತೊಡಗಿದರು. ಮುಖ್ಯ ಅತಿಥಿಗೊಂದು ಹೋಲಿಕೆ, ಸಂಘದ ಅಧ್ಯಕ್ಷೆಗೊಂದು, ಅಡುಗೆಯವರಿಗೊಂದು ಸಿದ್ಧವಾಯಿತು.

“ದೊಡ್ಡಜ್ಜಿಗೆ ಏನು?” ಎಂದಳು ಗಾನವಿ.

ರಾಚಯ್ಯನವರು ತಲೆಯಲ್ಲಾಡಿಸಿದರು. “ನಮ್ಮವರು... ಇಲ್ಲ.”

ವಂದನಾರ್ಪಣೆಯಲ್ಲಿ ಒಡಹುಟ್ಟಿದವರ ಹೆಸರು ತರಬಾರದೆಂಬುದು ಅವರ ಕಡೆ ಮೊದಲಿನಿಂದ ಬಂದ ಪದ್ಧತಿ. ನೀರು ಕೊಟ್ಟ ಅಪರಿಚಿತನಿಗೆ ವಂದನೆ ಸಲ್ಲುತ್ತದೆ. ಅನ್ನ ಇಟ್ಟ ಅಕ್ಕನಿಗೆ ಸಲ್ಲಿಸಿದರೆ ಅವಳನ್ನು ಹೊಸ್ತಿಲಾಚೆಗೆ ನಿಲ್ಲಿಸಿದಂತೆ. ಆ ಮೊದಲ ವಂದನಾರ್ಪಣೆಗೆ ಮುನ್ನವೇ ಜವರಮ್ಮ ಕಟ್ಟುನಿಟ್ಟಾಗಿ, “ನನ್ ಎಸ್ರು ಗಿಸ್ರು ಯೋಳೀಯೆ. ನಾನೇನ್ ಒರಗ್ನೋಳಾ?” ಎಂದಿದ್ದಳು. ತಮ್ಮ ಆ ಮಾತನ್ನು ಮೀರಿರಲಿಲ್ಲ. ಆಮೇಲೆ ನೂರಾರು ವೇದಿಕೆಗಳಲ್ಲಿ ಸಾವಿರಾರು ಜನರನ್ನು ವಂದಿಸಿದ ನಾಲಗೆ ಆ ಒಂದು ಹೆಸರನ್ನು ಎಂದೂ ಉಚ್ಚರಿಸಿರಲಿಲ್ಲ.

ಸನ್ಮಾನದ ದಿನ ಬೆಳಿಗ್ಗೆ ನಟರಾಜನಿಗೆ ಕಾರ್ಖಾನೆಯಲ್ಲಿ ಪಾಳಿಯಿದ್ದುದರಿಂದ ಉಳಿದ ಮೂವರು ಬಸ್ಸು ಹಿಡಿದರು. ಹೆಂಗಸರಿಬ್ಬರೂ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕುಳಿತರು, ಟಿಕೇಟು ಹರಿಸಿಕೊಂಡ ರಾಚಯ್ಯನವರು ಅದನ್ನು ಮೊಮ್ಮಗಳಿಗೆ ತೋರಿಸಿ, “ಗಂಡಸು. ಬಸ್ಸಿನಲ್ಲಿ... ಅತಿಥಿ” ಎಂದರು. ದಾರಿಯುದ್ದಕ್ಕೂ ನಾಲೆಯ ನೀರು ಜೊತೆಗೇ ಬಂತು. ಗದ್ದೆಗಳಲ್ಲಿ ಆಗತಾನೆ ನಾಟಿ ಮುಗಿದು, ಎಳೆಯ ಪೈರು ನೀರಿನಲ್ಲಿ ತನ್ನ ನೆರಳನ್ನೇ ನೋಡಿಕೊಳ್ಳುತ್ತ ನಿಂತಿತ್ತು. ಬದುಗಳ ಮೇಲೆ ಜನ ಒಬ್ಬರ ಹಿಂದೊಬ್ಬರು ನಡೆದು ಹೋಗುತ್ತಿದ್ದರು. ರಾಚಯ್ಯನವರು ಕಿಟಕಿಗೆ ಹಣೆಯಾನಿಸಿ ಅದನ್ನೇ ನೋಡುತ್ತಿದ್ದರು.

ಊರಿನ ಸಮುದಾಯ ಭವನದ ತುಂಬ ಹೆಂಗಸರು. ಜವರಮ್ಮ ತಮ್ಮ ಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ವೇದಿಕೆ ಹತ್ತಿ ಕುರ್ಚಿಯ ತುದಿಯಲ್ಲಿ ಕುಳಿತರು. ಹಾರ ಹಾಕಿದರು, ಶಾಲು ಹೊದಿಸಿದರು. ಮುಖ್ಯ ಅತಿಥಿಯಾಗಿ ಬಂದಿದ್ದ ಕೃಷಿ ಇಲಾಖೆಯ ಯುವ ಅಧಿಕಾರಿ ದಿವ್ಯ ನಾಲ್ಕು ಒಳ್ಳೆಯ ಮಾತಾಡಿದಳು. ಅಧ್ಯಕ್ಷೆ ಮಂಚಮ್ಮ ಮೈಕು ಹಿಡಿದು, “ಈಗ ವಂದನಾರ್ಪಣೆ, ನಮ್ ರಾಚಯ್ಯ ಮೇಷ್ಟ್ರಿಂದ” ಎಂದರು.

ಗಾನವಿಯ ಭುಜ ಹಿಡಿದು ಅವರು ಮೈಕಿನ ಮುಂದೆ ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ. ಮನಸ್ಸಿನಲ್ಲಿ ಹಳೆಯ ಉದ್ದನೆಯ ವಾಕ್ಯ ಠೀವಿಯಿಂದ ಎದ್ದು ನಿಂತು, ‘ನನ್ನನ್ನೇ ಆಡು’ ಎಂದು ಹಟ ಹಿಡಿಯಿತು. ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ, “ನೀರ್ ಕೊಡ್ರಪ್ಪ ಮೇಷ್ಟ್ರಿಗೆ” ಎಂದರು.

“ಸುಮ್ಕಿರ್ರಮ್ಮಿ!” ಎಂದು ಕುರ್ಚಿಯಿಂದಲೇ ಗದರಿದರು ಜವರಮ್ಮ. “ಯೋಳ್ತಾನೆ. ಅವ್ನೇನ್ ರೈಲಾ, ಟೇಮಿಗೆ ಬರಾಕೆ?”

ಸಭೆ ಗೊಳ್ಳೆಂದಿತು. ಆ ನಗುವಿನಲ್ಲಿ ಹಳೆಯ ವಾಕ್ಯದ ಬಿಗುವು ಸಡಿಲಿತು. ಅಕ್ಕನಿಗೆ ಬರುವ ಹೋಲಿಕೆ ತನಗೆ ಬಾರದೇ?

“ದಿವ್ಯ... ಮೇಡಂ,” ಎಂದರು ರಾಚಯ್ಯನವರು. “ಹೇಳಿದ ಹೊತ್ತಿಗೆ... ಬಂದ... ಮಳೆ.”

ಚಪ್ಪಾಳೆ ಬಿತ್ತು.

“ಮಂಚಮ್ಮ. ಸಂಘದ... ಒನಕೆ.”

“ಕುಟ್ಟೋದ್ರಲ್ಲಂತೂ ದಿಟ ಕಣ್ರೀ!” ಎಂದು ಯಾರೋ ಕೂಗಿದರು, ಮಂಚಮ್ಮನೇ ಎಲ್ಲರಿಗಿಂತ ಹೆಚ್ಚು ನಕ್ಕರು.

“ಅಡುಗೆಯವರು. ಭಾಷಣಕ್ಕಿಂತ... ಮೊದಲು ಬಂದ... ಘಮ.”

ಸಿದ್ಧಪಡಿಸಿದ ಹೋಲಿಕೆಗಳು ಅಲ್ಲಿಗೆ ಮುಗಿದವು. ‘ಎಲ್ಲರಿಗೂ’ ಎಂದು ಕೈ ಜೋಡಿಸಿ ಇಳಿಯಬೇಕು. ಗಾನವಿ ಇಳಿಯಲು ಹೆಜ್ಜೆಯನ್ನೂ ತೆಗೆದಳು. ತಾತ ಕದಲಲಿಲ್ಲ. ಅವರು ಸಭೆಗೆ ಬೆನ್ನಾಗಿ ಅಕ್ಕನ ಕಡೆ ತಿರುಗಿದರು. ಕುರ್ಚಿಯ ಕೆಳಗೆ ಜವರಮ್ಮನ ಪಾದಗಳು ಕಂಡವು. ಕೆಸರಿನಲ್ಲಿ ನಿಂತು ನಿಂತು ಬೆರಳುಗಳು ಬಿರಿದು ಅಗಲವಾದ ಪಾದಗಳು.

“ಅಕ್ಕ,” ಎಂದರು.

“ನನ್ ಎಸ್ರು ಬ್ಯಾಡ ಅಂದಿಲ್ವಾ ನಿಂಗೆ?”

“ವಂದನೆ... ಅಲ್ಲ. ಹೋಲಿಕೆ.”

ಹೋಲಿಕೆ ಬೇಡವೆನ್ನಲು ಯಾವ ಪದ್ಧತಿಯೂ ಜವರಮ್ಮನಿಗೆ ತಕ್ಷಣ ನೆನಪಾಗಲಿಲ್ಲ.

“ಅಕ್ಕ. ಗದ್ದೆಯ... ಬದು. ಒಳಗೆ... ನೀರು. ನಿಂತದ್ದು... ಬದುವಿನಿಂದ. ಪೈರು... ನಾನು.” ಅವರು ಉಸಿರೆಳೆದುಕೊಂಡರು. “ಮೇಲೆ... ನಡೆದವನೂ... ನಾನೇ. ಸುಗ್ಗಿಯಲ್ಲಿ... ರಾಶಿಗೆ... ಪೂಜೆ. ಬದುವಿಗೆ...”

ಅಲ್ಲಿಗೆ ನಿಂತಿತು. ಪದ ಸಿಗದೆ ನಿಂತಿತೋ, ಅವರೇ ನಿಲ್ಲಿಸಿದರೋ, ಪಕ್ಕದಲ್ಲಿದ್ದ ಗಾನವಿಗೂ ತಿಳಿಯಲಿಲ್ಲ. ಆಯುಷ್ಯವನ್ನೆಲ್ಲ ಬದುವಿನ ಮೇಲೆ ಓಡಾಡಿದ ಹೆಂಗಸರೇ ಸಭೆಯ ತುಂಬ ಕುಳಿತಿದ್ದರು. ಹಿಂದಿನ ಸಾಲಿನಿಂದ ಒಂದು ಮುದಿದನಿ ಮೆಲ್ಲಗೆ, “ಊಂ, ಬದುಗೆ ಯಾರ್ ಕೈ ಮುಗ್ದಾರು” ಎಂದಿತು.

ರಾಚಯ್ಯನವರು ಎಡಗೈಯಿಂದ ಸೋತ ಬಲಗೈಯನ್ನು ಎತ್ತಿ, ಎರಡನ್ನೂ ಎದೆಯ ಬಳಿ ಕೂಡಿಸಿದರು.

“ಬದು ಅಂತೆ, ಬದು!” ಎಂದರು ಜವರಮ್ಮ. “ಏಡಿ ತೂತ್ ಕೊರ್ದು ಎಷ್ಟ್ ನೀರ್ ಸೋರೋಗದೆ ಅಂತ ನಂಗ್ ಗೊತ್ತು.” ಹಾಗೆಂದು ಶಾಲಿನ ಅಂಚೆಳೆದು ಮೂಗೊರೆಸಿಕೊಂಡರು.

“ಅವ್ವ, ಅದು ಒಸ ಶಾಲು ಕಣವ್ವ!” ಎಂದರು ಮಂಚಮ್ಮ.

“ನಂದೇ ಅಲ್ವಾ?” ಎಂದು ಜವರಮ್ಮ ಇನ್ನೊಮ್ಮೆ ಒರೆಸಿಕೊಂಡರು.

ಊಟ ಮುಗಿದು, ಚಿಕ್ಕಮಾದುವಿನ ಮನೆಯ ಜಗುಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಎಲ್ಲರೂ ಕುಳಿತಾಗ ಹೊತ್ತು ಇಳಿಮುಖವಾಗಿತ್ತು. ಬಸ್ಸಿಗೆ ಇನ್ನೂ ಸಮಯವಿತ್ತು. ಗಾನವಿ ತಾತನ ಮಂಡಿಗೆ ಒರಗಿ, ಲಕ್ವ ಹೊಡೆದ ಮೇಲೆ ಯಾರೂ ಕೇಳಲು ಧೈರ್ಯ ಮಾಡದಿದ್ದ ಆ ಕತೆಯನ್ನು ಕೇಳಿದಳು. “ತಾತ, ಕರೆಂಟ್ ಹೋದ ಕತೆ.”

ರಾಚಯ್ಯನವರು ಅಕ್ಕನ ಕಡೆ ನೋಡಿದರು. ಈ ಬಾರಿ ಕತೆ ವೇದಿಕೆಯಿಂದ ಪ್ರಾರಂಭವಾಗಲಿಲ್ಲ.

“ಕಿಟಕಿ,” ಎಂದರು. “ಕಂಬಿ. ಕಂಬಿಯ ಹಿಂದೆ... ಅಕ್ಕ. ಗದ್ದೆಯಿಂದ... ನೇರ. ಕಾಲಿಗೆ... ಒಣಗಿದ ಕೆಸರು. ಕಡಗದ... ಹಾಗೆ.”

“ಕಡಗ್ವಂತೆ!” ಎಂದರು ಜವರಮ್ಮ, ಎಲೆಗೆ ಸುಣ್ಣ ಹಚ್ಚುತ್ತ. “ಕೆರೀತಿತ್ತು ಕಣ್ಲಾ. ನಿನ್ ಭಾಸ್ಣ ಮುಗಿಯೋಗಂಟ ಒಂದ್ ಕಾಲ್ನಲ್ಲಿ ಇನ್ನೊಂದ್ ಕಾಲ ಕೆರ್ಕೊಂಡು ನಿಂತಿದ್ದೆ.”

“ಕರೆಂಟು... ಹೋಯ್ತು. ಕತ್ತಲೆ. ವಾಕ್ಯ... ಉದ್ದ. ಉಸಿರು... ಗಿಡ್ಡ.” ಅವರ ಎಡಗೈ ಗಾಳಿಯಲ್ಲಿ ಒಂದು ಚೌಕಟ್ಟು ಬರೆಯಿತು. “ಕಿಟಕಿ ಮಾತ್ರ... ಬೆಳಕು. ಹೊರಗೆ... ಬೆಳದಿಂಗಳು. ಅಲ್ಲಿ... ಮುಖ. ಅದನ್ನೇ... ನೋಡುತ್ತ...”

ಮನೆಯವರು ಎಷ್ಟೋ ಬಾರಿ ಕೇಳಿದ್ದ ಕತೆಯಲ್ಲಿ ಈ ಕಿಟಕಿ ಇರಲಿಲ್ಲ. ಅಂದು ಆ ವಾಕ್ಯ ದಡ ಮುಟ್ಟಿದ್ದು ಆ ಮುಖವನ್ನು ಹಿಡಿದುಕೊಂಡು ಎಂಬುದನ್ನು ವಾಣಿಯೂ ಚಿಕ್ಕಮಾದುವೂ ಮೊದಲ ಬಾರಿಗೆ ಕೇಳಿದರು. ಜವರಮ್ಮನೂ ಅದನ್ನು ಮೊದಲ ಬಾರಿಗೆ ಕೇಳಿದ್ದು. ಸುಣ್ಣ ಹಚ್ಚುತ್ತಿದ್ದ ಬೆರಳು ಎಲೆಯ ಮೇಲೆಯೇ ನಿಂತಿತು. ಆಮೇಲೆ ಅವರು ಎಲೆಯನ್ನು ಮಡಚಿ, ತಾವು ಹಾಕಿಕೊಳ್ಳದೆ, ತಮ್ಮನ ಬಾಯಿಗಿಟ್ಟರು.

ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡ ರಾಚಯ್ಯನವರು ಈಗ ನಿಜವಾಗಿಯೂ ಏನನ್ನೂ ಹೇಳುವಂತಿರಲಿಲ್ಲ. ಗಾನವಿ ಅವರ ಮಂಡಿಯನ್ನು ಅಲುಗಾಡಿಸಿದಳು.

“ಅಗಿದು ನುಂಗಿ ತಾತ, ಬೇಗ. ಇನ್ನೊಂದ್ಸಲ ಹೇಳಿ. ಕಿಟಕಿಯಿಂದ ಹೇಳಿ.”